ಬಾಣದ ತುದಿಗೊಂದು ಅಣಸು

ಹಳೆಯ ಮನೆಯ ಅಟ್ಟದಲ್ಲಿ ಒನಕೆ ಇನ್ನೂ ಉಳಿದಿದ್ದರೆ ಒಮ್ಮೆ ಇಳಿಸಿ ಅದರ ತುದಿ ನೋಡಿ. ಮರದ ಸುತ್ತ ಕಬ್ಬಿಣದ ಬಳೆಯೊಂದು ಬಿಗಿದಿರುತ್ತದೆ. ಅದಕ್ಕೆ ಅಣಸು ಎನ್ನುತ್ತಾರೆ. ಭತ್ತ ಕುಟ್ಟುವಾಗ ಪೆಟ್ಟೆಲ್ಲ ಬೀಳುವುದು ಆ ತುದಿಯ ಮೇಲೆ. ಬಳೆ ಇಲ್ಲದ ಒನಕೆಯ ತುದಿ ಎಳೆ ಎಳೆಯಾಗಿ ಬಿರಿದು, ಕಡೆಗೆ ಪೊರಕೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಬಡಗಿಯ ಉಳಿಯ ಹಿಡಿಗೂ ಇಂಥದೇ ಬಳೆ ಇರುತ್ತದೆ. ಮರಕ್ಕೆ ಉದ್ದಕ್ಕೆ ಬಲವಿದೆ, ಅಡ್ಡಕ್ಕೆ ಇಲ್ಲ. ಇಲ್ಲದ ಆ ಬಲವನ್ನು ಬಳೆ ತುಂಬಿಕೊಡುತ್ತದೆ.

ಕಾರ್ಬನ್ ಬಾಣದ ಮುಂತುದಿಗೆ ಅಲ್ಯೂಮಿನಿಯಂ ಕೊಳವೆಯ ಸಣ್ಣ ತುಂಡೊಂದನ್ನು ತೊಡಿಸಿ ಅಂಟಿಸುವ ಪದ್ಧತಿಯೂ ಇದೇ ವಿದ್ಯೆ. ಬಿಲ್ಲುಗಾರರು ಅದನ್ನು ಫುಟಿಂಗ್ ಎನ್ನುತ್ತಾರೆ. ಮನೆ ಕಟ್ಟಿಸಿದವರಿಗೆ ಈ ಮಾತು ಪರಿಚಿತವೇ; ಕಂಬದ ಬುಡಕ್ಕೆ ಹಾಕುವ ಕಾಂಕ್ರೀಟಿಗೆ ನಮ್ಮ ಮೇಸ್ತ್ರಿಗಳು ಹೇಳುವುದೂ ಫುಟಿಂಗ್ ಎಂದೇ. ಆದರೆ ಬಾಣದ ಮಟ್ಟಿಗೆ ನನಗೆ ಅಣಸು ಎಂಬ ಹೆಸರೇ ಹೆಚ್ಚು ಒಪ್ಪುತ್ತದೆ. ಹೆಸರಿನಲ್ಲಿಯೇ ಕೆಲಸ ಕಾಣುತ್ತದೆ.

ಗುರಿಗಾಜು, ರಾಟೆ, ತೂಕದ ಕಡ್ಡಿ ಯಾವುದೂ ಇಲ್ಲದ ಲಾಂಗ್‌ಬೋ, ರಿಕರ್ವ್ ಬಿಲ್ಲುಗಳನ್ನು ಹಿಡಿಯುವವರಿಗೆ ಇದರ ಅಗತ್ಯ ಹೆಚ್ಚು. ಮೈದಾನದಲ್ಲಿ ಒಂದೇ ದೂರದಿಂದ ಫೋಮ್ ಹಲಗೆಗೆ ಹೊಡೆಯುವುದಷ್ಟೇ ಇವರ ಆಟವಲ್ಲ. ಅಮೆರಿಕದಲ್ಲಿ ಸ್ಟಂಪ್ ಶೂಟಿಂಗ್ ಎಂಬ ರೂಢಿಯಿದೆ: ಕಾಡಿನ ದಾರಿಯಲ್ಲಿ ನಡೆಯುತ್ತ, ಕೊಳೆತ ಮರದ ಬೊಡ್ಡೆ, ತರಗೆಲೆಯ ರಾಶಿ, ಮಣ್ಣಿನ ದಿಬ್ಬ ಹೀಗೆ ಕಣ್ಣಿಗೆ ಬಿದ್ದದ್ದಕ್ಕೆ ಗುರಿಯಿಟ್ಟು ಹೊಡೆಯುವುದು. ಇಂಗ್ಲೆಂಡಿನಲ್ಲಿ ಇದೇ ಅಭ್ಯಾಸಕ್ಕೆ ರೋವಿಂಗ್ ಎಂಬ ಹಳೆಯ ಹೆಸರಿದೆ. ದೂರ ಅಳೆಯದೆ ಕಣ್ಣಂದಾಜಿನಲ್ಲೇ ಹೊಡೆಯಲು ಕಲಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ತೊಂದರೆ ಏನೆಂದರೆ, ತರಗೆಲೆಯ ಕೆಳಗೆ ಕಲ್ಲಿರುತ್ತದೆ, ಕೊಳೆತ ಬೊಡ್ಡೆಯ ಒಳಗೆ ಗಟ್ಟಿ ಗಂಟಿರುತ್ತದೆ. ನಮ್ಮಲ್ಲಿ ಇದನ್ನು ಮಾಡಬಯಸುವವರು ಸ್ವಂತ ತೋಟದಲ್ಲೋ ಮಾಲೀಕರ ಒಪ್ಪಿಗೆಯಿರುವ ಬಯಲಲ್ಲೋ ಮಾಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಕ್ಕೆ ಆಯುಧ ಒಯ್ಯುವುದೇ ಅಪರಾಧ.

ಕಲ್ಲಿಗೆ ಬಡಿದ ಕಾರ್ಬನ್ ಬಾಣ ಎಲ್ಲಿ ಒಡೆಯುತ್ತದೆ? ಬಹುಪಾಲು ಮುಂದಿನ ಒಂದೆರಡು ಅಂಗುಲದಲ್ಲಿ. ಅದಕ್ಕೆ ಕಾರಣ ಬಾಣದ ಹೊಟ್ಟೆಯಲ್ಲೇ ಇದೆ. ಕಾರ್ಬನ್ ಶಾಫ್ಟ್ ಒಂದು ಟೊಳ್ಳು ಕೊಳವೆ. ಅದರ ಎಳೆಗಳಲ್ಲಿ ಹೆಚ್ಚಿನವು ಬಾಣದ ಉದ್ದಕ್ಕೇ ಓಡುತ್ತವೆ; ಎಳೆ ಎಳೆಯನ್ನು ಹಿಡಿದಿಡುವುದು ನಡುವಿನ ರಾಳ ಮಾತ್ರ. ಬಿದಿರನ್ನು ನೆನೆಯಿರಿ. ಅಡ್ಡಕ್ಕೆ ಕಡಿಯಲು ಕೊಡಲಿಯೇ ಬೇಕು, ಉದ್ದಕ್ಕೆ ಸೀಳಲು ತುದಿಯಲ್ಲಿ ಮಚ್ಚು ಕಚ್ಚಿಸಿದರೆ ಸಾಕು. ಬಿದಿರಿಗಾದರೂ ಸೀಳನ್ನು ತಡೆಯಲು ಅಲ್ಲಲ್ಲಿ ಗಿಣ್ಣು ಇರುತ್ತದೆ. ಕಾರ್ಬನ್ ಕೊಳವೆಗೆ ಗಿಣ್ಣಿಲ್ಲ.

ಈ ಕೊಳವೆಯ ಬಾಯಿಗೆ ಇನ್ಸರ್ಟ್ ಎಂಬ ಲೋಹದ ಗೂಟ ಅಂಟಿಸಿ, ಅದರ ತಿರುಪಿಗೆ ಬಾಣದ ಮೊನೆಯನ್ನು ಕೂರಿಸುತ್ತಾರೆ. ಬಾಣ ಓರೆಯಾಗಿ ಕಲ್ಲಿಗೆ ತಾಗಿದಾಗ ಮೊನೆ ಪಕ್ಕಕ್ಕೆ ಹೊರಳುತ್ತದೆ. ಆಗ ಒಳಗಿನ ಇನ್ಸರ್ಟ್ ಹಾರೆಯಾಗಿ ಬಿಡುತ್ತದೆ: ಮೊನೆ ಒಂದು ಕಡೆಗೆ ಹೊರಳಿದರೆ ಒಳತುದಿ ಇನ್ನೊಂದು ಕಡೆಗೆ ಕೊಳವೆಯನ್ನು ಮೀಟುತ್ತದೆ. ನೇರ ಪೆಟ್ಟಿಗೆ ಬೇರೆಯೇ ಅಪಾಯ. ಇನ್ಸರ್ಟಿನ ಅಂಚು ಕೊಳವೆಯ ಬಾಯಿಯನ್ನು ಹಿಂದಕ್ಕೆ ಒತ್ತಿ, ಎಳೆಗಳು ಅಣಬೆಯಂತೆ ಹೊರಕ್ಕೆ ಮಡಚಿಕೊಳ್ಳುತ್ತವೆ. ಬರೆಯುವ ಮೇಜಿನ ಮೇಲೆ ಇಂಥ ಒಂದು ಬಾಣ ಇಟ್ಟುಕೊಂಡಿದ್ದೇನೆ. ಬಾಯಿಯಿಂದ ಹೊರಟ ಮೂರು ಸೀಳುಗಳಲ್ಲಿ ಎರಡು ಇನ್ಸರ್ಟ್ ಮುಗಿಯುವಲ್ಲಿಗೇ ನಿಂತಿವೆ. ಮೂರನೆಯದು ಅದನ್ನೂ ದಾಟಿ ಬೆರಳುದ್ದ ಹೋಗಿದೆ. ಬೆಳಕಿಗೆ ಹಿಡಿದರೆ ಸೀಳಿನ ಅಂಚಿನಲ್ಲಿ ಕೂದಲಿಗಿಂತ ಸಪೂರಾದ ಕಪ್ಪು ಮುಳ್ಳುಗಳು ಕಾಣುತ್ತವೆ. ಬೆರಳಿಗೆ ಹೊಕ್ಕರೆ ಅವನ್ನು ಹುಡುಕಿ ತೆಗೆಯುವುದು ಪ್ರಯಾಸದ ಕೆಲಸ.

ಪೆಟ್ಟಿನ ಗಾತ್ರ ತಿಳಿಯಲು ಒಂದು ಲೆಕ್ಕ ಮಾಡೋಣ. 500 ಗ್ರೇನ್ ತೂಕದ ಬಾಣ ಎಂದರೆ ಸುಮಾರು 32 ಗ್ರಾಂ. ಅದು ಸೆಕೆಂಡಿಗೆ 170 ಅಡಿ ವೇಗದಲ್ಲಿ ಹೋದರೆ ಅದರಲ್ಲಿರುವ ಶಕ್ತಿ 43 ಜೂಲ್‌ನಷ್ಟು. ಫೋಮಿನಲ್ಲಿ 10 ಸೆಂಟಿಮೀಟರ್ ಹೊಕ್ಕು ನಿಂತರೆ ತುದಿಯ ಮೇಲೆ ಬೀಳುವ ಸರಾಸರಿ ಬಲ ಸುಮಾರು 44 ಕಿಲೋ ಭಾರದಷ್ಟು. ಅದೇ ಬಾಣ ಗಟ್ಟಿ ವಸ್ತುವಿಗೆ ಬಡಿದು 5 ಮಿಲಿಮೀಟರಿನಲ್ಲೇ ನಿಂತಿತೆನ್ನಿ, ಬಲ ಇಪ್ಪತ್ತು ಪಟ್ಟು, ಅಂದರೆ 880 ಕಿಲೋದ ಹತ್ತಿರ. ನಿಜದಲ್ಲಿ ಬಾಣ ಬಾಗುತ್ತದೆ, ಜಾರುತ್ತದೆ, ಪುಟಿಯುತ್ತದೆ. ಪೂರ್ತಿ ಭಾರ ತುದಿಗೇ ಬೀಳುವುದಿಲ್ಲ. ಆದರೂ ಮಿಲಿಮೀಟರಿನಷ್ಟೂ ದಪ್ಪವಿಲ್ಲದ ಗೋಡೆಯೊಂದು ಎಂಥ ಪೆಟ್ಟು ತಡೆಯಬೇಕಾಗುತ್ತದೆ ಎಂಬ ಅಂದಾಜು ಇದರಿಂದ ಸಿಗುತ್ತದೆ. ಹೊರಗಿನ ಅಲ್ಯೂಮಿನಿಯಂ ಬಳೆ ಎಳೆಗಳು ಬಿರಿಯದಂತೆ ಸುತ್ತುಗಟ್ಟುತ್ತದೆ. ಗಿಣ್ಣಿಲ್ಲದ ಬಿದಿರಿಗೆ ಗಿಣ್ಣು ಕೊಟ್ಟಂತೆ.

ಬಾಣದ ಮುಂಭಾಗವನ್ನು ಬೇರೆ ವಸ್ತುವಿನಿಂದ ಗಟ್ಟಿ ಮಾಡುವುದು ಹೊಸ ಯೋಚನೆಯೇನಲ್ಲ. ಪ್ರಾಚೀನ ಈಜಿಪ್ಟಿನವರು ಜೊಂಡಿನ ಬಾಣಕ್ಕೆ ಮುಂದೆ ಗಟ್ಟಿಮರದ ತುಂಡು ಕೂಡಿಸುತ್ತಿದ್ದರು. ಇಂಗ್ಲೆಂಡಿನ ರೋಜರ್ ಆಸ್ಕಮ್ 1545ರಲ್ಲಿ ಪ್ರಕಟಿಸಿದ ‘ಟಾಕ್ಸೋಫಿಲಸ್’ ಎಂಬ ಬಿಲ್ವಿದ್ಯೆಯ ಪುಸ್ತಕದಲ್ಲಿ ಹಗುರ ಮರದ ಬಾಣಕ್ಕೆ ಭಾರದ ಮರ ಬೆಸೆಯುವ ವಿಷಯ ಬರುತ್ತದೆ. ನೆಲದ ತೇವ ಬೆಸುಗೆಯೊಳಗೆ ಇಳಿದು ಅಂಟು ಬಿಡುವ ಚಿಂತೆ ಆಗಲೇ ಅವನಿಗಿತ್ತು. ಫುಟಿಂಗ್ ಎಂಬ ಹೆಸರು ಬಂದದ್ದೂ ಆ ಮರದ ಬಾಣಗಳ ಕಾಲದಿಂದ. ಅಮೆರಿಕದ ಬಾಣ ತಯಾರಕ ಜೇಮ್ಸ್ ಈಸ್ಟನ್ ಅಲ್ಯೂಮಿನಿಯಂ ಬಾಣ ಮಾಡಿದ್ದು 1939ರಲ್ಲಿ. ಕಾರ್ಬನ್ ಬಾಣ ಬಳಕೆಗೆ ಬಂದದ್ದು ಅದಕ್ಕೂ ಎಷ್ಟೋ ವರ್ಷಗಳ ನಂತರ. ಹಿಂದಿನ ಪೀಳಿಗೆಯ ಬಾಣ ಈಗಿನ ಬಾಣಕ್ಕೆ ಬಳೆಯಾಗಿದೆ.

ಬಳೆಗಾಗಿ ಬೇರೆ ಸಾಮಾನು ಹುಡುಕಬೇಕಾಗಿಲ್ಲ. ಬಿಲ್ಲುಗಾರಿಕೆ ಕಲಿಸುವ ಕಡೆ ಬಗ್ಗಿದ, ನೇರ ಮಾಡಲಾಗದ ಅಲ್ಯೂಮಿನಿಯಂ ಬಾಣಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಬಗ್ಗಿದ ಜಾಗ ಬಿಟ್ಟು ಉಳಿದ ನೇರ ಭಾಗದಿಂದ ಒಂದು ಬಾಣಕ್ಕೆ ಹದಿನೈದು ಬಳೆಯಾದರೂ ಸಿಗುತ್ತವೆ. ಹಾರ್ಡ್‌ವೇರ್ ಅಂಗಡಿಯ ಪರದೆ ಕಡ್ಡಿ, ಹಳೆಯ ಆಂಟೆನಾ ಕೊಳವೆ ಬೇಡ. ಅವು ಮೆತ್ತಗಿನ ಲೋಹ. ಒಳ್ಳೆಯ ಬಾಣಕ್ಕೆ ಬಳಸುವುದು 7075ರಂತಹ ಗಟ್ಟಿ ಮಿಶ್ರಲೋಹ.

ಅಳತೆ ಹೊಂದಿಸುವುದೇ ಈ ಕೆಲಸದ ಜೀವಾಳ. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ವ್ಯರ್ಥ. ಅಲ್ಯೂಮಿನಿಯಂ ಬಾಣದ ಮೇಲೆ 2117, 2115 ಎಂಬಂಥ ನಾಲ್ಕಂಕಿ ಅಚ್ಚಾಗಿರುತ್ತದೆ. ಮೊದಲ ಎರಡು ಅಂಕಿ ಹೊರವ್ಯಾಸ. ಅಂಗುಲವನ್ನು 64 ಪಾಲು ಮಾಡಿದರೆ ಅದರಲ್ಲಿ ಎಷ್ಟು ಪಾಲು ಎಂದು. ಕೊನೆಯ ಎರಡು ಅಂಕಿ ಗೋಡೆಯ ದಪ್ಪ, ಅಂಗುಲದ ಸಾವಿರ ಪಾಲಿನಲ್ಲಿ. ಹಾಗಾಗಿ 2117ರ ಹೊರವ್ಯಾಸ 21/64 ಅಂಗುಲ, ಅಂದರೆ 0.328, ಎರಡೂ ಬದಿಯ ಗೋಡೆ 0.034 ಕಳೆದರೆ ಒಳವ್ಯಾಸ 0.294 ಅಂಗುಲ. ಇದೇ ಲೆಕ್ಕದಲ್ಲಿ 2115ರ ಒಳವ್ಯಾಸ 0.298, 2114ರದು 0.300. ಮೂರಕ್ಕೂ ಹೊರಗಿನ ಅಳತೆ ಒಂದೇ, ಒಳಗಿನದು ಬೇರೆ. ಈ ಗುಟ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಈಗ ನಿಮ್ಮ ಕಾರ್ಬನ್ ಶಾಫ್ಟಿನ ಹೊರವ್ಯಾಸವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯಿರಿ. ಒಂದು ಕಡೆ ಅಳೆದು ಬಿಡಬೇಡಿ, ಬಾಣವನ್ನು ತಿರುಗಿಸುತ್ತ ಮೂರು ಕಡೆ ನೋಡಿ. ಒಂದೇ ಕಂಪನಿಯ, ಒಂದೇ ಹೆಸರಿನ ಬಾಣದಲ್ಲೂ ಬಿಗುವು, ಅಂದರೆ ಸ್ಪೈನ್, ಬದಲಾದಂತೆ ಹೊರ ಅಳತೆ ಬದಲಾಗುತ್ತದೆ. ಆದ್ದರಿಂದ ಸ್ನೇಹಿತರ ಬಾಣಕ್ಕೆ ಕೂತದ್ದು ನಿಮ್ಮದಕ್ಕೂ ಕೂರುತ್ತದೆ ಎಂದುಕೊಳ್ಳಬೇಡಿ. ಅಳತೆ 0.295 ಬಂತೆನ್ನಿ. 2115 ತೆಗೆದುಕೊಂಡರೆ ಅಂಗುಲದ ಸಾವಿರದಲ್ಲಿ ಮೂರು ಪಾಲು ಸಡಿಲ, ಸುತ್ತ ತೆಳ್ಳಗೆ ಅಂಟು ನಿಲ್ಲುವುದಕ್ಕೆ ಹದವಾದ ಜಾಗ. 2117 ಗೋಡೆ ದಪ್ಪವಿದ್ದು ಹೆಚ್ಚು ಗಟ್ಟಿ, ಆದರೆ ಕೂರುವುದಿಲ್ಲ. ಅದನ್ನೇ ಕೂರಿಸುವ ಹಟಕ್ಕೆ ಕಾರ್ಬನ್ನನ್ನು ಉಜ್ಜಿ ಸಪೂರ ಮಾಡುವವರಿದ್ದಾರೆ. ಇದು ತಪ್ಪು. ಹೊರಗಿನ ಎಳೆಗಳನ್ನೇ ಸವೆಸಿ, ಆಮೇಲೆ ಬಲ ಕೊಡಲು ಬಳೆ ಹಾಕುವುದರಲ್ಲಿ ಅರ್ಥವಿಲ್ಲ. ಹೊಳಪು ಹೋಗುವಷ್ಟು ಉಜ್ಜಬಹುದು, ಅಷ್ಟೇ. ಬಳೆ ಕೈಯಿಂದ ಒತ್ತಿದರೆ ಜಾರಬೇಕು, ಬಾಣ ಅಲ್ಲಾಡಿಸಿದರೆ ಗಡಗಡ ಅನ್ನಬಾರದು.

ಬಳೆಯ ಉದ್ದ ಎಷ್ಟಿರಬೇಕು? ಒಳಗಿನ ಇನ್ಸರ್ಟ್ ಎಲ್ಲಿ ಮುಗಿಯುತ್ತದೋ ಅದನ್ನು ದಾಟಿ ಕನಿಷ್ಠ ಕಾಲು ಅಂಗುಲ, ಸಾಧ್ಯವಾದರೆ ಅರ್ಧ ಅಂಗುಲ ಹಿಂದಕ್ಕೆ ಬರಬೇಕು. ಎರಡೂ ಒಂದೇ ಕಡೆ ಮುಗಿದರೆ ಅಲ್ಲಿ ಗಟ್ಟಿ ಭಾಗದಿಂದ ಬರಿ ಕೊಳವೆಗೆ ಥಟ್ಟನೆ ಇಳಿಯುವ ಮೆಟ್ಟಿಲು ಉಂಟಾಗಿ, ಬಾಣ ಅಲ್ಲೇ ಮುರಿಯುತ್ತದೆ. ಮಾಮೂಲಿ ಇನ್ಸರ್ಟಿಗೆ ಒಂದೂವರೆ ಅಂಗುಲದ ಬಳೆ ಸಾಕು. ಹಿತ್ತಾಳೆಯ ಭಾರದ, ಉದ್ದದ ಇನ್ಸರ್ಟ್ ಹಾಕುವವರು ಅದನ್ನು ಅಳೆದು ಬಳೆಯ ಉದ್ದ ಹೆಚ್ಚಿಸಬೇಕು.

ಅಲ್ಯೂಮಿನಿಯಂ ತುಂಡು ಮಾಡಲು ಪ್ಲಂಬರುಗಳ ಸಣ್ಣ ಪೈಪ್ ಕಟರ್ ಆಗುತ್ತದೆ. ಅದು ಕತ್ತರಿಸುವಾಗ ಅಂಚನ್ನು ಒಳಕ್ಕೆ ಮಡಿಸುವುದರಿಂದ, ದುಂಡು ಅರದಿಂದ ಒಳಗಿನ ಆ ಮಡಿಕೆಯನ್ನು ತೆಗೆಯಲೇಬೇಕು. ಕಾರ್ಬನ್ ಶಾಫ್ಟಿಗೆ ಮಾತ್ರ ಆ ಕಟರ್ ಮುಟ್ಟಿಸಬೇಡಿ, ಎಳೆಗಳು ಜಜ್ಜಿಹೋಗುತ್ತವೆ. ವೇಗವಾಗಿ ತಿರುಗುವ ತೆಳು ಉಜ್ಜುಬಿಲ್ಲೆಯಿಂದಲೇ ಅದನ್ನು ಕತ್ತರಿಸಬೇಕು. ಕನ್ನಡಕ, ಮಾಸ್ಕ್ ಎರಡೂ ಇರಲಿ. ಕಾರ್ಬನ್ ಧೂಳು ಶ್ವಾಸಕ್ಕೂ ಚರ್ಮಕ್ಕೂ ಒಳ್ಳೆಯದಲ್ಲ. ಉಜ್ಜುವಾಗ ನೀರು ಹಾಕಿಕೊಂಡರೆ ಧೂಳೇಳುವುದಿಲ್ಲ.

ಕತ್ತರಿಸಿದ ಬಾಯಿ ಸಮವಾಗಿದೆಯೇ ಎಂದು ನೋಡಲು ಸುಲಭದ ಉಪಾಯವಿದೆ. ಬಾಯಂಚಿಗೆ ಮಾರ್ಕರ್ ಶಾಯಿ ಬಳಿದು, ಸಪಾಟು ಗಾಜಿನ ಮೇಲೆ ಅಂಟಿಸಿದ ಎಮರಿ ಪೇಪರಿನ ಮೇಲೆ ಬಾಣವನ್ನು ನೆಟ್ಟಗೆ ಹಿಡಿದು ನಿಧಾನ ತಿರುಗಿಸಿ. ಶಾಯಿ ಒಂದೇ ಕಡೆ ಅಳಿಸಿದರೆ ಬಾಯಿ ಓರೆಯಾಗಿದೆ. ಸುತ್ತಲೂ ಸಮನಾಗಿ ಅಳಿಸಿಹೋಗುವವರೆಗೆ ತಿರುಗಿಸಿ. ಓರೆ ಬಾಯಿಗೆ ಇನ್ಸರ್ಟ್ ಒಂದೇ ಬಿಂದುವಿನಲ್ಲಿ ಒತ್ತುತ್ತದೆ, ಪೆಟ್ಟೆಲ್ಲ ಅಲ್ಲಿಗೇ ಬೀಳುತ್ತದೆ. ಎಷ್ಟು ಒಳ್ಳೆಯ ಬಳೆ ಹಾಕಿದರೂ ಈ ದೋಷ ಮುಚ್ಚುವುದಿಲ್ಲ.

ಇನ್ನು ಅಂಟು. ಕಾರ್ಬನ್ನಿನ ಮುಂದಿನ ಭಾಗವನ್ನೂ ಬಳೆಯ ಒಳಮೈಯನ್ನೂ 220ರಿಂದ 320 ನಂಬರಿನ ಎಮರಿಯಿಂದ ಹಗುರಾಗಿ ಒರಟು ಮಾಡಿ. ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೂ ಒರೆಸಬೇಕು. ಆಮೇಲೆ ಅಲ್ಲಿಗೆ ಬೆರಳು ತಾಗಿಸಬಾರದು, ಬೆರಳಿನ ಜಿಡ್ಡು ಅಂಟಿನ ಶತ್ರು. ಎರಡು ಟ್ಯೂಬಿನಲ್ಲಿ ಬರುವ, ನಿಧಾನ ಗಟ್ಟಿಯಾಗುವ ಎಪಾಕ್ಸಿಯೇ ನನ್ನ ಆಯ್ಕೆ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಗಟ್ಟಿಯಾದರೂ ಪೆಡಸು; ಕಲ್ಲಿನ ಪೆಟ್ಟಿಗೆ ಚಕ್ಕೆಯಾಗಿ ಬಿಡುತ್ತದೆ. ಬಿಸಿ ಮಾಡಿ ಹಚ್ಚುವ ಅರಗಿನಂಥ ಅಂಟನ್ನು ಬೇಕಾದಾಗ ಬಿಡಿಸಬಹುದು ಎಂಬ ಅನುಕೂಲವಿದೆ, ಆದರೆ ಬಿಸಿ ಹೆಚ್ಚಾದರೆ ಕಾರ್ಬನ್ನಿನ ರಾಳವೇ ಹಾಳಾಗುತ್ತದೆ. ಬಳಸುವುದೇ ಆದರೆ ಕಡಿಮೆ ಬಿಸಿಗೆ ಕರಗುವ ಬಗೆ ಇರಲಿ, ಬೆಂಕಿ ಮೊನೆಗೆ ಮಾತ್ರ ತಾಗಲಿ.

ಎಪಾಕ್ಸಿಗೆ ಇನ್ನೊಂದು ಕೆಲಸವೂ ಇದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಕಾರ್ಬನ್ ಮತ್ತು ಅಲ್ಯೂಮಿನಿಯಂ ನೇರ ತಾಗಿಕೊಂಡಿದ್ದು ನಡುವೆ ತೇವ ಸೇರಿದರೆ ಅದೊಂದು ಪುಟ್ಟ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ನಿಧಾನ ಕರಗುತ್ತ ಬಿಳಿ ಪುಡಿಯಾಗುತ್ತದೆ. ಸುತ್ತ ಎಲ್ಲೂ ಬಿಡದೆ ಹರಡಿದ ಅಂಟಿನ ಪದರ ಇವೆರಡನ್ನೂ ದೂರವಿಡುತ್ತದೆ. ಮಲೆನಾಡಿನ ಮಳೆಗಾಲ, ಕರಾವಳಿಯ ಉಪ್ಪುಗಾಳಿ ಕಂಡವರಿಗೆ ಇದರ ಮಹತ್ವ ಬೇರೆ ಹೇಳಬೇಕಿಲ್ಲ.

ಜೋಡಿಸುವಾಗ ಮೊದಲು ಹಿಂಬದಿಯ ನಾಕ್, ಅಂದರೆ ಹೆದೆಗೆ ಕಚ್ಚಿಸುವ ತುಂಡನ್ನು, ಕಳಚಿ. ಇಲ್ಲದಿದ್ದರೆ ಇನ್ಸರ್ಟ್ ತಳ್ಳುವಾಗ ಒಳಗೆ ಸಿಕ್ಕಿಬಿದ್ದ ಗಾಳಿ ಅದನ್ನು ಮೆಲ್ಲಗೆ ಹೊರಕ್ಕೆ ದೂಡುತ್ತದೆ. ಇನ್ಸರ್ಟ್ ಅಂಟಿಸಿ ಒಣಗಿದ ಮೇಲೆ ಶಾಫ್ಟಿಗೆ ತೆಳುವಾಗಿ ಎಪಾಕ್ಸಿ ಬಳಿದು, ಬಳೆಯನ್ನು ಮುಂದಿನಿಂದ ತಿರುಗಿಸುತ್ತ ತಿರುಗಿಸುತ್ತ ತಳ್ಳಿ. ತಿರುಗಿಸಿದರೆ ಅಂಟು ಎಲ್ಲ ಕಡೆ ಹರಡುತ್ತದೆ, ಹೆಚ್ಚಾದದ್ದು ಬಳೆಯ ಹಿಂದೆ ಉಂಗುರವಾಗಿ ಉಬ್ಬಿ ಬರುತ್ತದೆ. ಅದನ್ನು ಪೂರ್ತಿ ಒರೆಸದೆ ಸಣ್ಣ ಇಳಿಜಾರಿನಷ್ಟು ಉಳಿಸಿ. ಬಳೆಯ ಬಾಯಿ ಇನ್ಸರ್ಟಿನ ಅಂಚಿಗೆ ಸಮವಾಗಿರಲಿ; ಆಗ ಮೊನೆಯ ಭುಜ ಎರಡರ ಮೇಲೂ ಕೂರುತ್ತದೆ. ಮೇಣದ ಕಾಗದದ ಮೇಲೆ ತುದಿ ಕೆಳಗಾಗಿ ನಿಲ್ಲಿಸಿ, 24 ಗಂಟೆ ಬಿಡಿ.

ಬಳೆಯ ಹಿಂದಿನ ಅಂಚನ್ನು ಅಂಟಿಸುವ ಮೊದಲೇ ಅರದಿಂದ ಸುತ್ತ ಇಳಿಜಾರು ಮಾಡಿಕೊಂಡಿರಬೇಕು. ಚೂಪು ಅಂಚು ಬಿಟ್ಟರೆ ಬಾಣ ಹೊಕ್ಕುವಾಗ ಗೊತ್ತಾಗುವುದಿಲ್ಲ, ಗುರಿಯಿಂದ ಹಿಂದಕ್ಕೆ ಎಳೆಯುವಾಗ ಗಾಳದ ಮುಳ್ಳಿನಂತೆ ಕಚ್ಚಿ ಫೋಮನ್ನು ಕಿತ್ತು ತರುತ್ತದೆ. ಮುಂದೆಯೂ ಹಾಗೆಯೇ: ಬಳೆಯ ಹೊರವ್ಯಾಸ 0.328 ಇರುವಾಗ 5/16 ಅಂಗುಲದ, ಅಂದರೆ 0.3125ರ ಮೊನೆ ಹಾಕಿದರೆ ಬಳೆಯ ಬಾಯಿ ಹೊರಚಾಚುತ್ತದೆ. 21/64 ಅಥವಾ 11/32 ಅಂಗುಲದ ಮೊನೆ ಅದನ್ನು ಮುಚ್ಚುತ್ತದೆ.

ಸಾಂಪ್ರದಾಯಿಕ ಬಿಲ್ಲಿನವರು ಮರೆಯಬಾರದ ಇನ್ನೊಂದು ಸಂಗತಿ ಬಾಣದ ಉದ್ದ. ಈ ಬಿಲ್ಲುಗಳಲ್ಲಿ ಬಾಣ ಕೂರುವುದು ಹಿಡಿಯ ಮೇಲಿನ ಕಿರುಮೆಟ್ಟಿಲ ಮೇಲೆ. ಬಾಣ ಗಿಡ್ಡವಾಗಿದ್ದರೆ ಹೆದೆಯನ್ನು ಪೂರ್ತಿ ಎಳೆದಾಗ ಬಳೆ ಆ ಮೆಟ್ಟಿಲನ್ನು ಹತ್ತಿ, ಬಾಣ ಟಕ್ ಎಂದು ಏಳುತ್ತದೆ; ಗುರಿ ಅಲ್ಲಿಗೆ ಕೆಟ್ಟಿತು. ಪೂರ್ತಿ ಎಳೆದು ನಿಂತಾಗಲೂ ಬಳೆಯ ಹಿಂದಿನ ಅಂಚು ಬಿಲ್ಲಿನಿಂದ ಒಂದು ಅಂಗುಲವಾದರೂ ಮುಂದಿರಬೇಕು. ಶಾಫ್ಟ್ ಕತ್ತರಿಸುವ ಮುಂಚೆ ಒಬ್ಬರು ಪಕ್ಕದಲ್ಲಿ ನಿಂತು ಇದನ್ನು ಗುರುತು ಹಾಕಿಕೊಡುವುದು ಒಳ್ಳೆಯದು.

ಬಳೆಯಿಂದ ಹಾರಾಟ ಬದಲಾಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಸ್ವಲ್ಪ ಬದಲಾಗುತ್ತದೆ. 2117 ಕೊಳವೆ ಅಂಗುಲಕ್ಕೆ ಸುಮಾರು 12 ಗ್ರೇನ್ ತೂಗುತ್ತದೆ. ಒಂದೂವರೆ ಅಂಗುಲಕ್ಕೆ 18 ಗ್ರೇನ್, ಒಂದು ಗ್ರಾಮಿಗಿಂತ ತುಸು ಹೆಚ್ಚು. 30 ಅಂಗುಲ ಉದ್ದದ, 480 ಗ್ರೇನ್ ತೂಕದ ಬಾಣದ ಸಮತೂಕದ ಬಿಂದು ನಡುಮಧ್ಯದಿಂದ ಶೇ. 12.5ರಷ್ಟು ಮುಂದಿದ್ದರೆ, ಈ ಬಳೆಯಿಂದ ಅದು ಶೇ. 13.8ರ ಹತ್ತಿರಕ್ಕೆ ಬರುತ್ತದೆ. ಮುಂಭಾರ ಹೆಚ್ಚಿದಷ್ಟೂ ಹಾರುವಾಗ ಬಾಣ ಹೆಚ್ಚು ಬಾಗುತ್ತದೆ. ಮುಂದಿನ ಒಂದೂವರೆ ಅಂಗುಲ ಬಿಗಿಯಾಗಿರುವುದರಿಂದ ಬಾಗುವ ಉದ್ದ ಅಷ್ಟು ಕಡಿಮೆಯೂ ಆಗುತ್ತದೆ. ಎರಡೂ ಒಂದನ್ನೊಂದು ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತವೆ. ಕಾಗದದ ಲೆಕ್ಕ ನಂಬುವ ಬದಲು ಬಳೆ ಹಾಕಿದ, ಗರಿ ಕಟ್ಟದ ಒಂದು ಬಾಣವನ್ನು ಗರಿ ಕಟ್ಟಿದ ಬಾಣಗಳ ಜತೆ ಹೊಡೆದು ನೋಡಿ. ಬಲಗೈಯವರಿಗೆ ಗರಿಯಿಲ್ಲದ್ದು ಬಲಕ್ಕೆ ಬಿದ್ದರೆ ಬಾಣ ಮೆತ್ತಗಾಗಿದೆ, ಎಡಕ್ಕೆ ಬಿದ್ದರೆ ಬಿರುಸಾಗಿದೆ. ಮೊನೆಯ ತೂಕವನ್ನು ಹತ್ತಿಪ್ಪತ್ತು ಗ್ರೇನ್ ಆಚೀಚೆ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಒಂದು ಕಂತೆಯ ಎಲ್ಲ ಬಾಣಗಳಿಗೂ ಒಂದೇ ಉದ್ದದ ಬಳೆ ಇರಲಿ.

ಸ್ಪರ್ಧೆಗೆ ಹೋಗುವವರಿಗೆ ಎರಡು ಮಾತು. ವಿಶ್ವ ಆರ್ಚರಿ ನಿಯಮದಲ್ಲಿ ಬಾಣದ ಗರಿಷ್ಠ ವ್ಯಾಸ 9.3 ಮಿಲಿಮೀಟರ್, 21/64ರ ಬಳೆ 8.33 ಮಿಲಿಮೀಟರ್, ತೊಂದರೆಯಿಲ್ಲ. ಆದರೆ ಲಾಂಗ್‌ಬೋ ವಿಭಾಗದಲ್ಲಿ ಮರದ ಬಾಣಕ್ಕೆ ಮಾತ್ರ ಅವಕಾಶ.

ಬಳೆ ಹಾಕಿದ ಬಾಣ ಮುರಿಯುವುದೇ ಇಲ್ಲ ಎಂದು ತಿಳಿಯಬೇಡಿ. ಜೋರಾದ ಓರೆ ಪೆಟ್ಟಿಗೆ ಅದು ಬಳೆಯ ಹಿಂದೆ ಮುರಿಯುತ್ತದೆ. ಅದಕ್ಕಿಂತ ಎಚ್ಚರ ಬೇಕಾದದ್ದು, ಮೊದಲು ಕಣ್ಣಿಗೆ ಕಾಣುತ್ತಿದ್ದ ಬಿರುಕು ಈಗ ಲೋಹದ ಅಡಿ ಮರೆಯಾಗಿರುತ್ತದೆ ಎಂಬುದು. ಆದ್ದರಿಂದ ಗಟ್ಟಿ ಪೆಟ್ಟು ಬಿದ್ದ ಪ್ರತಿ ಸಲವೂ ಬಾಣವನ್ನು ಪರೀಕ್ಷಿಸಿ. ಬಳೆಯನ್ನು ಹಿಡಿದು ತಿರುಚಿ ನೋಡಿ, ಕದಲಬಾರದು. ಹಿಂದಿನ ಅಂಚಿನ ಅಂಟಿನ ಉಂಗುರ ಬಿರಿದಿರಬಾರದು. ಹತ್ತಿಯ ತುಣುಕನ್ನು ಶಾಫ್ಟಿನ ಉದ್ದಕ್ಕೂ ಸವರಿಕೊಂಡು ಬನ್ನಿ. ಕಣ್ಣಿಗೆ ಕಾಣದ ಸೀಳಿಗೂ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಎರಡೂ ತುದಿ ಹಿಡಿದು, ಮುಖದಿಂದ ದೂರವಿಟ್ಟು, ಮೆಲ್ಲಗೆ ಬಾಗಿಸುತ್ತ ಕಿವಿಗೊಡಿ. ಚಿಟಿಚಿಟಿ ಸದ್ದು ಬಂದರೆ ಒಳಗೆ ಎಳೆ ಹರಿದಿದೆ ಎಂದರ್ಥ. ಬಿರುಕುಬಿಟ್ಟ ಕಾರ್ಬನ್ ಬಾಣ ಬಿಲ್ಲಿನಲ್ಲಿಯೇ ಒಡೆದರೆ ಚೂರುಗಳು ನೆಡುವುದು ಬಿಲ್ಲು ಹಿಡಿದ ಕೈಗೆ.

ಅನುಮಾನ ಬಂದ ಬಾಣವನ್ನು ಬತ್ತಳಿಕೆಗೆ ಮರಳಿಸಬೇಡಿ. ಮೊನೆ, ನಾಕ್ ತೆಗೆದಿಟ್ಟುಕೊಂಡು, ಶಾಫ್ಟನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಎರಡಾಗಿ ಮುರಿದು ಹಾಕಿ, ಇನ್ನೊಬ್ಬರು ಅದನ್ನು ಎತ್ತಿಕೊಂಡು ಹೊಡೆಯದ ಹಾಗೆ.